ಓದುಗರ ಪ್ರಶ್ನೆ: ಇಂಬಳ, ಒಂಟಿ ಸಲಗ ಮತ್ತು ಮರೆತುಹೋಗುವ ಪಾಠ

ಪ್ರಶ್ನೆ: ಮೇಡಂ, ನಾನು ಬಿ.ಎ. ಮೊದಲ ವರ್ಷದಲ್ಲಿ ಮನಶ್ಶಾಸ್ತ್ರ ತಗೊಂಡಿದ್ದೀನಿ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್ ಅಂದ್ರೆ ಶಿಕ್ಷೆ ಅಂತ ಬರೆದು ಟೆಸ್ಟ್‌ನಲ್ಲಿ ಮಾರ್ಕ್ಸ್ ಹೋಯ್ತು. ಎರಡೂ ಒಂದೇ ಅಲ್ವಾ?
— ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲಮ್ಮ, ಎರಡೂ ಒಂದಕ್ಕೊಂದು ಉಲ್ಟಾ. ಎಡವಟ್ಟು ಆಗೋದೇ ಆ 'ನೆಗೆಟಿವ್' ಅನ್ನೋ ಪದದಿಂದ. ನಮ್ಮ ಕಿವಿಗೆ ಅದು 'ಕೆಟ್ಟದ್ದು' ಅಂತ ಕೇಳಿಸುತ್ತೆ. ನಡವಳಿಕೆ ಹೇಗೆ ಕಲಿಯುತ್ತೇವೆ ಅಂತ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾಠದಲ್ಲಿ ಅದು ಲೆಕ್ಕದ ಮೈನಸ್ ಇದ್ದಂತೆ. ಏನೋ ಒಂದು ಕಳೆದುಹೋಗುತ್ತೆ, ಅಷ್ಟೇ.

ಮಳೆಗಾಲದಲ್ಲಿ ಸಕಲೇಶಪುರದ ಕಡೆ ಯಾರದಾದರೂ ತೋಟಕ್ಕೆ ಹೋಗಿದ್ದೀಯಾ? ಇಂಬಳ ಹತ್ತಿದ್ದು ಗೊತ್ತೇ ಆಗುವುದಿಲ್ಲ. ಆಮೇಲೆ ನೋಡಿದರೆ ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ದ್ರಾಕ್ಷಿ ಥರ ಊದಿಕೊಂಡಿರುತ್ತೆ. ಚೂರು ಉಪ್ಪು ಮುಟ್ಟಿಸಿದರೆ ಸುರುಟಿಕೊಂಡು ಬೀಳುತ್ತೆ. ಕಾಟ ಹೋಯ್ತು. ಮರುದಿನದಿಂದ ಯಾರೂ ಹೇಳದೇ ನೀನೇ ಉಪ್ಪಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡುತ್ತೀಯ. ಕಾಟ ತೊಲಗಿದ್ದಕ್ಕೆ ಒಂದು ಅಭ್ಯಾಸ ಗಟ್ಟಿಯಾಯ್ತು. ನಿನ್ನ ಪುಸ್ತಕದ ಋಣಾತ್ಮಕ ಪುನರ್ಬಲನ, ಅಂದರೆ ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್, ಇದೇ. ಅದೇ ತೋಟಕ್ಕೆ ಬರಿಗಾಲಲ್ಲಿ ಹೋದ ಹುಡುಗ ಇಂಬಳ ಕಚ್ಚಿಸಿಕೊಂಡು, ಇನ್ನು ಬರಿಗಾಲಲ್ಲಿ ಹೋಗೋದನ್ನೇ ಬಿಟ್ಟರೆ ಅದು ಶಿಕ್ಷೆ. ಪರೀಕ್ಷೆಯಲ್ಲಿ ಮೊದಲು ಇದೊಂದನ್ನೇ ಕೇಳಿಕೋ: ನಡವಳಿಕೆ ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ? ಜಾಸ್ತಿ ಆದರೆ ಪುನರ್ಬಲನ, ಕಮ್ಮಿ ಆದರೆ ಶಿಕ್ಷೆ. ಏನು ಸೇರಿತು, ಏನು ಹೋಯ್ತು ಅನ್ನೋದು ಆಮೇಲಿನ ಮಾತು.

ಪ್ರಶ್ನೆ: ಕಾಫಿ ಕುಯ್ಲಿನ ಹೊತ್ತಲ್ಲಿ ನಮ್ಮ ಯಜಮಾನರಿಗೆ ತೋಟದಲ್ಲಿ ಒಂಟಿ ಸಲಗ ಎದುರಾಯ್ತು. ಅರಣ್ಯದವರು ಬಂದು ಪಟಾಕಿ ಹೊಡೆದು ಓಡಿಸಿದರು. ಏಟಾಗಲಿಲ್ಲ, ದೇವರು ದೊಡ್ಡವನು. ಆದರೆ ಈಗ ಮದುವೆ ಮನೆ ಪಟಾಕಿಗೂ ಬೆವರುತ್ತಾರೆ. ಮೊದಲು ತೋಟ ಬಿಟ್ಟರು, ಈಗ ಕತ್ತಲಾದರೆ ಅಂಗಳಕ್ಕೂ ಇಳಿಯಲ್ಲ. ಮಗ 'ಅಪ್ಪನಿಗೆ ಧೈರ್ಯ ಇಲ್ಲ' ಅಂತಾನೆ.
— ಗೃಹಿಣಿ, ಮೂಡಿಗೆರೆ

ಉತ್ತರ: ಮಗನಿಗೆ ಮೊದಲು ಹೇಳಿ, ಇದು ಧೈರ್ಯದ ಮಾತೇ ಅಲ್ಲ. ಮೈ ಪಾಠ ಕಲಿತಿದೆ, ಸ್ವಲ್ಪ ಜಾಸ್ತಿಯೇ ಕಲಿತಿದೆ.

ರಷ್ಯಾದ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆ ಬಗ್ಗೆ ಕೆಲಸ ಮಾಡುತ್ತಿದ್ದವರು, 1904ರಲ್ಲಿ ನೊಬೆಲ್ ಬಂದಿದ್ದೂ ಅದಕ್ಕೇ. ಊಟ ಬಾಯಿಗೆ ಬರೋಕೆ ಮುಂಚೆಯೇ ನಾಯಿಗಳು ಜೊಲ್ಲು ಸುರಿಸೋದನ್ನು ಅವರು ಗಮನಿಸಿದರು. ಊಟದ ಜೊತೆ ಮತ್ತೆ ಮತ್ತೆ ಕೇಳಿದ ಸದ್ದು ಒಂದೇ ಸಾಕಾಗುತ್ತಿತ್ತು, ಊಟ ಬೇಕೇ ಇರಲಿಲ್ಲ. ಭಯವೂ ಹೀಗೇ ಅಂಟಿಕೊಳ್ಳುತ್ತೆ, ಅದಕ್ಕೆ ಕೆಲವು ಸಲ ಒಂದೇ ಏಟು ಸಾಕು. ನಿಮ್ಮವರಿಗೆ ಆನೆ ಜೊತೆ ಪಟಾಕಿ, ಕತ್ತಲು ಎಲ್ಲಾ ಒಂದೇ ಗಂಟಲ್ಲಿ ಸೇರಿಹೋಗಿವೆ.

ಇದು ಹರಡುತ್ತೆ ಕೂಡ. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್, ಆಲ್ಬರ್ಟ್ ಅಂತ ಕರೆದ ಒಂದು ಕೂಸು ಬಿಳಿ ಇಲಿ ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೊನೆಗೆ ಮೊಲ ಕಂಡರೂ, ತುಪ್ಪಳದ ಕೋಟು ಕಂಡರೂ ಕೂಸು ಅಳುತ್ತಿತ್ತು. ಆ ಭಯ ತೆಗೆಯದೇ ಬಿಟ್ಟುಬಿಟ್ಟರು. ಈ ಪಾಠ ಮಾಡುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ನನಗೆ ಇಷ್ಟವಾಗೋದು 1924ರಲ್ಲಿ ಮೇರಿ ಕವರ್ ಜೋನ್ಸ್ ಮಾಡಿದ ಕೆಲಸ. ಪೀಟರ್ ಅನ್ನೋ ಪುಟ್ಟ ಹುಡುಗನಿಗೆ ಮೊಲ ಅಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಅದನ್ನು ಮುದ್ದಿಸಿದ.

ಈಗ ಮೇಲಿನ ಹುಡುಗಿಯ ಪ್ರಶ್ನೆಗೆ ಬನ್ನಿ. ನಿಮ್ಮವರು ಅಂಗಳದ ಮೆಟ್ಟಿಲಿಂದ ವಾಪಸ್ ಬಂದ ಕೂಡಲೇ ಎದೆ ಹಗುರ ಆಗುತ್ತೆ. ಕಾಟ ಹೋಯ್ತು, ಅಲ್ವಾ? ಅದಕ್ಕೇ ನಾಳೆ ಇನ್ನೂ ಬೇಗ ವಾಪಸ್ ಬರುತ್ತಾರೆ. ಉಪ್ಪಿನ ಗಂಟು ಕಾಪಾಡುತ್ತೆ, ಈ ಗಂಟು ಮಾತ್ರ ಮನುಷ್ಯನನ್ನು ಒಳಗೇ ಕಟ್ಟಿಹಾಕುತ್ತೆ.

ಆನೆ ಭಯ ಇರಲೇಬೇಕು. ಆನೆ ಇದೆ ಅಂತ ಸುದ್ದಿ ಬಂದ ದಿನ ಯಾರೂ ಹೊರಗೆ ಹೋಗೋದು ಬೇಡ. ಆನೆ ಇಲ್ಲ ಅಂತ ಖಚಿತವಾದ ಸಂಜೆ, ಇನ್ನೂ ಬೆಳಕಿರುವಾಗ, ಜಗಲಿ ಮೇಲೆ ನೀವಿಬ್ಬರೂ ಕಾಫಿ ಕುಡಿಯುತ್ತಾ ಕೂತ್ಕೊಳ್ಳಿ. ಎದೆ ಹೊಡ್ಕೊಂಡರೂ ತಕ್ಷಣ ಎದ್ದುಬರಬೇಡಿ, ಅದು ಇಳಿಯೋವರೆಗೂ ಸುಮ್ನೆ ಮಾತಾಡ್ತಾ ಇರಿ. ಅದು ಸಲೀಸಾದ ಮೇಲೆ ಅಂಗಳ, ಆಮೇಲೆ ಹಗಲಲ್ಲಿ ಕಾಫಿ ಒಣಗಿಸೋ ಕಣ. ಬಲವಂತ ಬೇಡ, ಹಂಗಿಸೋದಂತೂ ಬೇಡವೇ ಬೇಡ. ಆನೆ ಕನಸಲ್ಲೂ ಬಂದು ಎಬ್ಬಿಸುತ್ತಿದ್ದರೆ, ಒಂದು ತಿಂಗಳು ದಾಟಿದರೂ ನಿದ್ದೆ ಸರಿಹೋಗಿಲ್ಲ ಅಂದರೆ ಮನೋವೈದ್ಯರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಮಗ ಪಿಯುಸಿ. ಒಂದು ಪಾಠ ಹತ್ತು ಸಲ ಓದ್ತಾನೆ, ಪರೀಕ್ಷೆಯಲ್ಲಿ ಏನೂ ನೆನಪಿರಲ್ಲ. ಬುದ್ಧಿ ಕಮ್ಮಿನಾ?
— ತಾಯಿ, ಅರಸೀಕೆರೆ

ಉತ್ತರ: ಖಂಡಿತ ಅಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು! ಎಲ್ಲರ ತಲೆಯೂ ಹಾಗೆಯೇ. ಒಂದೇ ದಿನ ಹತ್ತು ಸಲ ಓದಿದರೆ ಪಾಠದ ಗುರುತು ಸಿಗುತ್ತೆ, ಆದರೆ ತಾನಾಗಿ ನೆನಪಿಂದ ತೆಗೆದು ಹೇಳೋಕೆ ಬರಲ್ಲ. ಎರಡು ಸಲ ಓದಿ ಪುಸ್ತಕ ಮುಚ್ಚಲಿ. ಆ ಸಂಜೆ ಒಮ್ಮೆ, ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನಿಮಗೆ ಪಾಠ ಒಪ್ಪಿಸಲಿ. ತಡವರಿಸಿದ ಕಡೆ ಮಾತ್ರ ಪುಸ್ತಕ ತೆಗೆಯಲಿ. ನಿಮಗೆ ಆ ವಿಷಯ ಗೊತ್ತಿರಬೇಕು ಅಂತೇನಿಲ್ಲ. ರೊಟ್ಟಿ ತಟ್ಟುತ್ತಾ ಕೇಳಿಸಿಕೊಂಡು, ಅರ್ಥ ಆಗದ ಕಡೆ 'ಅದು ಹೇಗಪ್ಪಾ?' ಅಂತ ಕೇಳಿದರೆ ಸಾಕು.