ವರ್ಷದ ಯೂಟ್ಯೂಬ್ ಪ್ರೀಮಿಯಂ 299 ರೂಪಾಯಿಗೆ: ನಂಬಬಹುದೇ?

ಪ್ರಶ್ನೆ: ಟೆಲಿಗ್ರಾಂನಲ್ಲಿ ಒಬ್ಬರು ಯೂಟ್ಯೂಬ್ ಪ್ರೀಮಿಯಂ ವರ್ಷಕ್ಕೆ ಬರೀ 299 ರೂಪಾಯಿ ಅಂತಿದ್ದಾರೆ. ಹಣ ಹಾಕಿ, ಜಿಮೇಲ್ ಪಾಸ್‌ವರ್ಡ್ ಕಳಿಸಿ ಎಂದಿದ್ದಾರೆ. ಕಳಿಸಲೇ?
– ಓದುಗರು, ಗಂಗಾವತಿ

ಉತ್ತರ: ಬೇಡ. ಪಾಸ್‌ವರ್ಡ್, ಒಟಿಪಿ ಅಂತೂ ಯಾವ ಕಾರಣಕ್ಕೂ ಕೊಡಬೇಡಿ. ಜಿಮೇಲ್ ಕೈತಪ್ಪಿದರೆ ಫೋಟೊಗಳ ಜೊತೆ ಉಳಿದ ಆ್ಯಪ್‌ಗಳ ಪಾಸ್‌ವರ್ಡ್ ಬದಲಿಸುವ ದಾರಿಯೂ ಅವರದಾಗುತ್ತದೆ.

ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ? ಹೆಚ್ಚಾಗಿ ಫ್ಯಾಮಿಲಿ ಪ್ಲಾನ್‌ನ ಒಂದು ಜಾಗ ಮಾರುತ್ತಾರೆ. ಅದರಲ್ಲಿ ಚಂದಾದಾರರ ಜೊತೆ ಇನ್ನೂ ಐವರು ಸೇರಬಹುದು, ಆದರೆ ಎಲ್ಲರೂ ಒಂದೇ ಮನೆಯಲ್ಲಿರಬೇಕೆಂಬ ನಿಯಮವಿದೆ. ಗಂಗಾವತಿಯ ನೀವು ಗುರುತಿಲ್ಲದವರ ಮನೆಯವರಾಗಲಾರಿರಿ. ಮಾರಿದವರು ಯಾವಾಗ ಬೇಕಾದರೂ ನಿಮ್ಮನ್ನು ತೆಗೆಯಬಹುದು. ಫ್ಯಾಮಿಲಿ ಗುಂಪು ಬದಲಿಸಲು 12 ತಿಂಗಳಿಗೊಮ್ಮೆ ಮಾತ್ರ ಅವಕಾಶವಿರುವುದರಿಂದ, ಆಮೇಲೆ ನಿಮ್ಮ ಸ್ವಂತ ಮನೆಯವರ ಪ್ಲಾನ್‌ಗೂ ಸೇರಲಾಗದೆ ಪರದಾಡಬೇಕಾದೀತು. ಕದ್ದ ಕಾರ್ಡ್‌ನಿಂದ ಕೊಂಡ ಚಂದಾ ಆಗಿದ್ದರೆ, ಕಾರ್ಡಿನವರು ದೂರು ಕೊಟ್ಟ ದಿನವೇ ಅದು ರದ್ದಾಗಬಹುದು.

ಈಗಾಗಲೇ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಚಾಟ್‌ನ ಸ್ಕ್ರೀನ್‌ಶಾಟ್, ಯುಪಿಐನ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ ಕೈಯಲ್ಲಿರಲಿ. 'ರಿಫಂಡ್‌ಗೆ ಪಿನ್ ಒತ್ತಿ' ಎಂದರೆ ಒತ್ತಬೇಡಿ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಾಸ್‌ವರ್ಡ್ ಕೊಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ನಂತರ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ನಿಮ್ಮದಲ್ಲದ ಫೋನ್‌ಗಳನ್ನೆಲ್ಲ ಸೈನ್ ಔಟ್ ಮಾಡಿ, ರಿಕವರಿ ನಂಬರ್ ನಿಮ್ಮದೇ ಇದೆಯೇ ನೋಡಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ತೆರೆದು, ಗೊತ್ತಿಲ್ಲದ ಮ್ಯಾಂಡೇಟ್ (ಹಣ ತಾನಾಗಿಯೇ ಕಡಿತವಾಗಲು ಕೊಟ್ಟ ಅನುಮತಿ) ಇದ್ದರೆ ರದ್ದುಪಡಿಸಿ.