ಬಾಯಲ್ಲಿ ಜೇನು, ಹೊಟ್ಟೆಯಲ್ಲಿ ಕತ್ತಿ: ಈ ಚೀನೀ ಮಾತನ್ನು ಯಾರಿಗೆ ಹೇಳ್ತಾರೆ?

ಎದುರಿಗೆ ಸವಿಮಾತು ಆಡಿ ಒಳಗೊಳಗೇ ಕೇಡು ಬಗೆಯುವವರಿಗೆ. ಚೀನೀ ಭಾಷೆಯಲ್ಲಿ ಇದು 'ಕೋ ಮಿ ಫು ಜಿಯೆನ್'. ನಮ್ಮ 'ಬಾಯಲ್ಲಿ ಬಸಪ್ಪ, ಹೊಟ್ಟೇಲಿ ವಿಷಪ್ಪ' ಇದೆಯಲ್ವಾ, ಹಾಗೇ. ಆದರೆ ಇದು ಹುಟ್ಟಿದ್ದು ನಿಜವಾಗಿ ಬದುಕಿದ್ದ ಒಬ್ಬ ಮಂತ್ರಿಯಿಂದ.

ಅವನು ಲಿ ಲಿನ್‌ಫು. ಚೀನಾದ ಟ್ಯಾಂಗ್ ವಂಶದ ಚಕ್ರವರ್ತಿ ಶ್ವಾನ್‌ಜೊಂಗ್‌ನ ಆಸ್ಥಾನದಲ್ಲಿ 734ರಿಂದ ಸುಮಾರು 18 ವರ್ಷ ಮಂತ್ರಿಯಾಗಿದ್ದ. ಇತಿಹಾಸಕಾರ ಸಿಮಾ ಗುವಾಂಗ್ ತಾನು 1084ರಲ್ಲಿ ಮುಗಿಸಿದ ದೊಡ್ಡ ಇತಿಹಾಸ ಗ್ರಂಥದಲ್ಲಿ, ಜನ ಇವನ ಬಗ್ಗೆ ಹೀಗೆ ಆಡಿಕೊಳ್ಳುತ್ತಿದ್ದರು ಅಂತ ಬರೆದಿದ್ದಾನೆ.

ಒಂದು ಪ್ರಸಂಗ ಕೇಳಿ. ಲಿ ಶಿಝಿ ಅಂತ ಇನ್ನೊಬ್ಬ ಮಂತ್ರಿ ಇದ್ದ. ಲಿನ್‌ಫು ಅವನ ಹತ್ತಿರ ಹೋಗಿ, ಹುವಾ ಬೆಟ್ಟದಲ್ಲಿ ಚಿನ್ನ ಇದೆ, ತೆಗೆದರೆ ದೇಶಕ್ಕೆ ಒಳ್ಳೇದು, ದೊರೆಗೆ ಇದಿನ್ನೂ ಗೊತ್ತಿಲ್ಲ ಅಂದ. ಪಾಪ, ಶಿಝಿ ನಂಬಿ ದೊರೆಗೆ ಹೇಳಿದ. ದೊರೆ ಲಿನ್‌ಫುನನ್ನು ಕೇಳಿದಾಗ ಅವನು, 'ನನಗೆ ಮೊದಲೇ ಗೊತ್ತಿತ್ತು, ಆದರೆ ಆ ಬೆಟ್ಟ ನಿಮ್ಮ ಭಾಗ್ಯದ ನೆಲೆ, ಅಗೆಯಬಾರದು ಅಂತ ಸುಮ್ಮನಿದ್ದೆ' ಅಂದುಬಿಟ್ಟ! ದೊರೆಗೆ ಲಿನ್‌ಫು ಮೇಲೆ ಪ್ರೀತಿ ಹೆಚ್ಚಾಯಿತು, ಶಿಝಿ ಬೆಲೆ ಕಳೆದುಕೊಂಡ. 746ರಲ್ಲಿ ಅವನ ಪದವಿ ಹೋಯಿತು, ಮರುವರ್ಷ ವಿಷ ಕುಡಿದು ಸತ್ತ.

ಹಾಗಾಗಿ ಸಣ್ಣಪುಟ್ಟ ಸುಳ್ಳಿಗೆ ಈ ಮಾತು ಬಳಸಬೇಡಿ, ತುಂಬಾ ಕಟುವಾಗುತ್ತೆ. ಮುನಿಸಿಕೊಂಡು 'ಏನೂ ಇಲ್ಲ ಬಿಡು' ಅನ್ನುವವರಿಗೆ 'ಕೋ ಶಿ ಶಿನ್ ಫೇ' ಅನ್ನೋ ಇನ್ನೊಂದು ಚೀನೀ ಮಾತು ಸಾಕು. ಬಾಯಿ ಹೌದು ಅನ್ನುತ್ತೆ, ಮನಸ್ಸು ಅಲ್ಲ ಅನ್ನುತ್ತೆ, ಅಷ್ಟೇ.