ವಯಸ್ಸಿನ ವಿವೇಕ: ‘ಮುನ್ನ’ ಮತ್ತು ‘ಆಪನಿತು’

ವಯಸ್ಸಿನೊಡನೆ ಬರುವ ವಿವೇಕವನ್ನು ಕಾವ್ಯ ಹೇಗೆ ಶೋಧಿಸುತ್ತದೆ ಎಂದು ತಾವು ಕೇಳಿದ್ದೀರಿ. ರಾಯಚೂರಿನಲ್ಲಿ 34 ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಇದಕ್ಕೆ ಉತ್ತರ ಎರಡು ಪದಗಳಲ್ಲಿ ಸಿಕ್ಕಿದೆ.

ಮೊದಲನೆಯದು ‘ಮುನ್ನ’. 12ನೆಯ ಶತಮಾನದ ಬಸವಣ್ಣನವರ ‘ನೆರೆ ಕೆನ್ನೆಗೆ ತೆರೆ ಗಲ್ಲಕೆ’ ವಚನವನ್ನು ಹರೆಯದಲ್ಲಿ ನಾನು ಬರಿಯ ಪ್ರಾಸದ ಸೊಗಸಿಗಾಗಿ ಬೋಧಿಸುತ್ತಿದ್ದೆ. ನಿವೃತ್ತಿಯ ನಂತರ ಒಮ್ಮೆ ಇಲ್ಲಿಯ ಕೋಟೆಯ ಗುಡ್ಡ ಹತ್ತುವಾಗ, ಅರಿವಿಲ್ಲದೆಯೇ ನನ್ನ ಬಲಗೈ ಮೊಣಕಾಲಿನ ಮೇಲೆ ಊರಿಕೊಂಡಿತು. ‘ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ’ ಎಂಬ ಸಾಲು ನನಗೆ ತಿಳಿದದ್ದು ಆ ಮೆಟ್ಟಿಲ ಮೇಲೆ. ಕೋಲಿಗೆ ಕೈ ಚಾಚುವ ಎಷ್ಟೋ ವರ್ಷ ಮೊದಲೇ ಮನುಷ್ಯ ತನ್ನ ಕಾಲನ್ನೇ ಕೋಲು ಮಾಡಿಕೊಂಡಿರುತ್ತಾನೆ. ವಚನಕಾರರು ಆ ಕ್ರಮವನ್ನೂ ತಪ್ಪಿಸಿಲ್ಲ. ಆದರೆ ಮುಪ್ಪು ತಾನಾಗಿ ವಿವೇಕ ತರುತ್ತದೆಂದು ಈ ವಚನ ಎಲ್ಲಿಯೂ ಹೇಳುವುದಿಲ್ಲ. ಮತ್ತೆ ಮತ್ತೆ ಬರುವ ‘ಮುನ್ನ’ ಎಂಬ ಮಾತು, ಅರಿವನ್ನು ಮುಪ್ಪಿನ ಕಾಲಕ್ಕೆಂದು ಎತ್ತಿಟ್ಟು ಕುಳಿತವರನ್ನು ಎಚ್ಚರಿಸುತ್ತದೆ. ನಮ್ಮ ಮನೆತನದ ಕೆಲವು ಹಿರಿಯರನ್ನು ಹತ್ತಿರದಿಂದ ಕಂಡಿರುವ ನಾನು ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಎರಡನೆಯ ಪದ ‘ಆಪನಿತು’, ನಮ್ಮ ಜಿಲ್ಲೆಯ ಮಾನ್ವಿಯಲ್ಲಿ ನೆಲೆಸಿದ್ದ ಹರಿದಾಸ ಕವಿ ಜಗನ್ನಾಥದಾಸರದು. ಪಾಂಡಿತ್ಯದ ಬಿಂಕದಲ್ಲಿ ಹಿರಿಯ ಹರಿದಾಸರಾದ ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆನೋವಿಗೆ ತುತ್ತಾದ ಅವರಿಗೆ, ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೇ ಧಾರೆಯೆರೆದರೆಂದು ದಾಸ ಪರಂಪರೆ ನಂಬುತ್ತದೆ. ಈ ಕಥೆಯನ್ನು ಅಕ್ಷರಶಃ ಒಪ್ಪದವರೂ, ವಯಸ್ಸೆಂಬುದು ಸ್ವಂತ ಗಳಿಕೆಯಲ್ಲ, ಇನ್ನೊಬ್ಬರ ಋಣ ಎಂಬ ಅದರ ಒಳನೋಟವನ್ನು ಒಪ್ಪಬಹುದು. ಭಾಮಿನಿ ಷಟ್ಪದಿಯಲ್ಲಿರುವ ಅವರ ‘ಹರಿಕಥಾಮೃತಸಾರ’ ಆರಂಭವಾಗುವುದೇ ‘ಗುರುಗಳ ಕರುಣದಿಂದಾಪನಿತು ಪೇಳುವೆ’ ಎಂದು. ಆಪನಿತು, ಅಂದರೆ ಆದಷ್ಟು. ಅಷ್ಟು ದೊಡ್ಡ ಕೃತಿಯ ಹೊಸ್ತಿಲಲ್ಲಿ ಪಂಡಿತರೊಬ್ಬರು ಈ ಅಳತೆಯ ಮಾತನ್ನು ಇಟ್ಟುಕೊಂಡದ್ದು ವಿನಯದ ಶಿಷ್ಟಾಚಾರ ಮಾತ್ರವೆಂದು ನನಗೆ ತೋರುವುದಿಲ್ಲ.

ನಮ್ಮ ಓಣಿಯ ಗುಡಿಯಲ್ಲಿ ಏಕಾದಶಿಯ ಸಂಜೆ ಈ ಪದ್ಯಗಳನ್ನು ಹಾಡುವ, ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಹುಡುಗರು ಅರ್ಥ ಕೇಳಿದರೆ ಅವರು ತಾಳ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡು, ‘ನನಗ ತಿಳಿದಷ್ಟು ಹೇಳ್ತೀನಪಾ’ ಎಂದೇ ಶುರುಮಾಡುತ್ತಾರೆ.